ಸೋದರಮಾವನ ತೊಡೆ

ನನ್ನ ತಂಗಿಯ ಮಗಳಿಗೆ ಕಿವಿ ಚುಚ್ಚಿಸುವ ದಿನ ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ: ಮಗುವನ್ನು ಯಾರ ತೊಡೆಯ ಮೇಲೆ ಕೂರಿಸುವುದು? ನಮ್ಮ ಕಡೆ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಅವನೇ ಹೊಸ ಬಟ್ಟೆ ತರಬೇಕು, ಓಲೆ ತರಬೇಕು, ಮಗು ಕಿರುಚಿದಾಗ ತಲೆ ಅಲ್ಲಾಡದಂತೆ ಹಿಡಿದುಕೊಳ್ಳಬೇಕು. ಬೇರೆ ಮನೆಗಳಲ್ಲಿ ಇದು ಪ್ರಶ್ನೆಯೇ ಅಲ್ಲ. ನಮ್ಮ ಅಪ್ಪ ಅವ್ವನಿಗೆ ಹುಟ್ಟಿದ್ದು ಎರಡು ಹೆಣ್ಣುಮಕ್ಕಳು ಎಂದು ಕುಣಿಗಲ್ಲಿನ ನಮ್ಮ ಬೀದಿಗೆಲ್ಲ ಗೊತ್ತು. ಅವರಲ್ಲಿ ದೊಡ್ಡವಳು ನಾನು. ಈಗ ನಾನು ಗಂಡಸು.

ಈ ಕೊನೆಯ ವಾಕ್ಯವನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಡಾಕ್ಟರಿಗೆ ಹೇಳಿದೆ, ಮನೆ ಓನರಿಗೆ ಹೇಳಿದೆ, ತುಮಕೂರಿನಲ್ಲಿ ನಾನು ಲೆನ್ಸ್ ಕೂರಿಸುವ ಕೆಲಸ ಮಾಡುವ ಕನ್ನಡಕದಂಗಡಿಯ ಮಾಲೀಕರಿಗೆ ಹೇಳಿದೆ. ಮೊದಮೊದಲು ಹುರುಪಿತ್ತು. ಹೆರಿಗೆ ಮಾಡಿಸಿದ ನರ್ಸಮ್ಮ ನೋಡಿ ಹೇಳಿದ ಮೈ ಒಂದು, ನಾನು ಯಾರು ಎಂದು ಒಳಗೆ ನನಗೆ ಗೊತ್ತಿರುವುದು ಇನ್ನೊಂದು, ನನ್ನ ಮನಸ್ಸು ಯಾರ ಕಡೆ ವಾಲುತ್ತದೆ ಎಂಬುದು ಬೇರೆಯೇ ವಿಷಯ ಎಂದು ಮೇಷ್ಟ್ರ ಹಾಗೆ ಪಾಠ ಮಾಡುತ್ತಿದ್ದೆ. ಈಗ ಯಾರಾದರೂ ಕೆದಕಿದರೆ ‘ಹೂಂ, ಹಂಗೇ’ ಎಂದು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುತ್ತೇನೆ. ಗಡ್ಡ ಬಂದಿದೆ, ದನಿ ಒಡೆದಿದೆ, ಹೊಸಬರು ಕೇಳುವುದೇ ಇಲ್ಲ. ಕೇಳುವವರೆಲ್ಲ ಹಳಬರು. ಹಳಬರಿಗೆ ಒಂದು ಸಲ ಹೇಳಿದರೆ ಮುಗಿಯುವುದಿಲ್ಲ.

ನನ್ನ ಪಾಠ ಪೂರಾ ನೆಲಕಚ್ಚಿದ್ದು ಅವ್ವನ ಮುಂದೆ. ಒಂದು ಭಾನುವಾರ ಅವಳು ಮುದ್ದೆ ತೊಳಸುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ. ಅವಳು ಕೋಲು ಆಡಿಸುತ್ತಲೇ ಕೇಳಿಸಿಕೊಂಡಳು. ಗಂಡಸಾದರೆ ಆಯಿತು, ಒಂದು ಹುಡುಗಿಯನ್ನು ನೋಡಿ ಮದುವೆ ಮಾಡಿದರೆ ಜನರ ಬಾಯಿ ಮುಚ್ಚುತ್ತದೆ ಎಂಬಲ್ಲಿಗೆ ತಾನೇ ಬಂದು ನಿಂತಳು. ಆಗ ನಾನು ಇನ್ನೂ ಒಂದು ಮಾತು ಹೇಳಬೇಕಾಯಿತು: ನನಗೆ ಇಷ್ಟವಾಗುವುದು ಗಂಡಸರೇ. ಅವ್ವ ಮುದ್ದೆಕೋಲು ಬಿಟ್ಟು ನನ್ನ ಮುಖ ನೋಡಿದಳು.

“ಗಂಡಸ್ರೇ ಬೇಕಾಗಿದ್ರೆ ಹೆಂಗ್ಸಾಗೇ ಇರ್ಬೋದಿತ್ತಲ್ಲ. ಎಷ್ಟ್ ಸಲೀಸಾಗಿತ್ತು.”

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳ ಲೆಕ್ಕದಲ್ಲಿ ನಾನು ಕೈಗೆ ಸಿಕ್ಕಿದ್ದನ್ನು ಬಿಟ್ಟು ಊರೆಲ್ಲ ಸುತ್ತಿ ಮತ್ತೆ ಅದೇ ಬಾಗಿಲಿಗೆ ಬಂದು ನಿಂತವನು. ಅಂದಿನಿಂದ ಅವಳು ನನ್ನನ್ನು ಏನೆಂದೂ ಕರೆಯಲಿಲ್ಲ. ಫೋನ್ ಎತ್ತಿದರೆ ‘ಊಟ ಆಯ್ತಾ’ ಎನ್ನುತ್ತಿದ್ದಳು. ಯಾರಾದರೂ ಪಕ್ಕದಲ್ಲಿದ್ದರೆ ‘ತುಮಕೂರಿಂದ ಫೋನು’ ಎನ್ನುತ್ತಿದ್ದಳು, ತುಮಕೂರೇ ಅವಳಿಗೆ ಫೋನ್ ಮಾಡಿದ ಹಾಗೆ.

ತಂಗಿ ಹಾಗಲ್ಲ. ಅವಳನ್ನು ಕೊಟ್ಟಿರುವುದು ಗುಬ್ಬಿಗೆ, ಕೊಬ್ಬರಿ ವ್ಯಾಪಾರದ ಮನೆಗೆ. ಅವಳ ಮದುವೆಯಲ್ಲಿ ನಾನೇ ಕಳಸಗಿತ್ತಿ. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಕಳಸ ಹಿಡಿದು, ಮದುಮಗಳ ಪಕ್ಕ ದಿನವಿಡೀ ನಿಂತಿದ್ದೆ. ಸೆರಗು ಜಾರಿದಾಗಲೆಲ್ಲ ಸರಿಮಾಡಿ, ‘ಮುಂದಿನ ಪಾಳಿ ನಿಂದೇ ಕಣೇ’ ಎಂದವರಿಗೆಲ್ಲ ಹಲ್ಲು ತೋರಿಸಿ, ಸಂಜೆಯ ಹೊತ್ತಿಗೆ ನನಗೆ ನನ್ನ ಮೈಯೇ ಬೇಡವಾಗಿತ್ತು. ಗುಬ್ಬಿಯವರೆಲ್ಲ ನನ್ನನ್ನು ಕಣ್ತುಂಬ ನೋಡಿದ್ದು ಆ ವೇಷದಲ್ಲಿ. ಅದೇ ಮನೆಗೆ ಈಗ ಸೋದರಮಾವನಾಗಿ ಹೋಗಬೇಕು.

“ನೀನೇ ಕೂತ್ಕೋಬೇಕು ಕಣೋ ಅಣ್ಣ,” ಎಂದು ತಂಗಿ ಫೋನಿನಲ್ಲಿ ಹೇಳಿದಳು. “ನಮ್ಮತ್ತೆಗೆ ನಾನು ಹೇಳ್ತೀನಿ. ನೀನು ಬಟ್ಟೆ, ಓಲೆ ತಗೊಂಡ್ ಬಾ.”

ಆ ಮಗುವಿಗೆ ನಾನು ಯಾರು ಎಂಬುದು ಕಿವಿ ಚುಚ್ಚುವ ದಿನ ತೀರ್ಮಾನವಾಗಬೇಕಿತ್ತು. ನನಗೆ ಮಕ್ಕಳಾಗುವುದಿಲ್ಲ, ಮದುವೆಯ ಮಾತು ದೂರ. ರಕ್ತದಲ್ಲಿ ನನಗೆ ಇನ್ನು ಸಿಗಬಹುದಾದ ಸಂಬಂಧ ಅದೊಂದೇ. ಕೂರಿಸಿದರೆ ಮಾವ, ಇಲ್ಲದಿದ್ದರೆ ಮನೆಯ ಮೂಲೆಯಲ್ಲಿ ನಿಂತ ಯಾರೋ ಒಬ್ಬ. ಹೋರಾಟ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ, ಆದರೂ ಆಸೆ ಬಿಡಲಿಲ್ಲ. ಹಸಿರು ರೇಷ್ಮೆ ಲಂಗ, ಪುಟಾಣಿ ಓಲೆ ಕೊಂಡೆ. ನನಗೊಂದು ಪಂಚೆ ಕೊಂಡು, ಕನ್ನಡಿಯ ಮುಂದೆ ಉಟ್ಟು ನೋಡಿದೆ. ಅಪ್ಪ ಬದುಕಿದ್ದಾಗ ಉಡುತ್ತಿದ್ದ ರೀತಿಯಲ್ಲೇ ಗಂಟು ಬಿತ್ತು.

ಗುಬ್ಬಿಯ ಮನೆಯ ಹಜಾರಕ್ಕೆ ಕಾಲಿಟ್ಟಾಗ ನೋಡುತ್ತೇನೆ, ಅವ್ವ ನನಗಿಂತ ಮೊದಲೇ ಬಂದಿದ್ದಾಳೆ. ಅವಳ ಪಕ್ಕದಲ್ಲಿ ಹೆಬ್ಬೂರಿನ ನಮ್ಮ ಚಿಕ್ಕಪ್ಪನ ಮಗ, ಹೊಸ ಪಂಚೆ ಉಟ್ಟು, ಬಟ್ಟೆಯ ಪೊಟ್ಟಣ ಹಿಡಿದು ಕೂತಿದ್ದಾನೆ. ಅಣ್ಣತಮ್ಮಂದಿರಿಲ್ಲದ ಮನೆಯಲ್ಲಿ ಚಿಕ್ಕಪ್ಪನ ಮಗನೇ ಸೋದರಮಾವ. ಅವ್ವ ಯಾರಿಗೂ ಹೇಳದೆ ಕರೆತಂದಿದ್ದಳು. ಒಂದು ಮಗುವಿಗೆ ಇಬ್ಬರು ಸೋದರಮಾವಂದಿರು, ಎರಡು ಲಂಗ, ಎರಡು ಜೊತೆ ಓಲೆ. ಚುಚ್ಚಲು ಬಂದಿದ್ದ ಅಕ್ಕಸಾಲಿ ಆಚಾರ್ರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ, ಚಿನ್ನದ ತಂತಿ ತಟ್ಟೆಯಲ್ಲಿಟ್ಟು ಕೈಕಟ್ಟಿ ಕೂತರು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. ಚಾಪೆ ಸಿಕ್ಕಿದ್ದರೆ ಅಲ್ಲೇ ಮಲಗಿಬಿಡುತ್ತಿದ್ದೆ.

ಚಿಕ್ಕಪ್ಪನ ಮಗ ಪಾಪದವನು. “ನಂಗ್ ಗೊತ್ತಿರ್ಲಿಲ್ಲ ಕಣಣ್ಣ, ದೊಡ್ಡವ್ವ ಬಾ ಅಂದ್ರು, ಬಂದೆ,” ಎಂದು ಎದ್ದು ನಿಂತ. ಅವ್ವ ಅವನ ತೋಳು ಹಿಡಿದು ಮತ್ತೆ ಕೂರಿಸಿದಳು. “ನಾಕ್ ಜನ ಸೇರೋ ಜಾಗ. ನಗೆಪಾಟ್ಲಾಗೋದು ಬ್ಯಾಡ,” ಎಂದಳು, ನೆಲ ನೋಡುತ್ತ. ತಂಗಿಯ ಕಣ್ಣು ಕೆಂಪಾಯಿತು. “ಅವ್ವ, ನನ್ ಮಗಳ ಶಾಸ್ತ್ರ ಇದು,” ಎಂದಳು.

ಆಗ ತಂಗಿಯ ಅತ್ತೆ ಒಳಗಿನಿಂದ ಬಂದರು. ಮಂಡಿನೋವಿನ ಹೆಂಗಸು, ಮಾತು ಮಾತ್ರ ಕೊಬ್ಬರಿ ಮಂಡಿಯಲ್ಲಿ ಕೂತು ದರ ಮಾತಾಡುವವರ ಹಾಗೆ ನೇರ. ಅವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಗಡ್ಡ, ಪಂಚೆ, ಕೈಯಲ್ಲಿದ್ದ ಪೊಟ್ಟಣ ಎಲ್ಲವನ್ನೂ ನೋಡಿದರು. ನೀನು ಹೇಗೆ ಗಂಡಸು ಎಂದು ಕೇಳುತ್ತಾರೆ, ಮತ್ತೆ ಮೊದಲಿನಿಂದ ಪಾಠ ಶುರು ಎಂದುಕೊಂಡೆ. ಅವರು ಕೇಳಿದ್ದು ಬೇರೆ.

“ನೋಡಪ್ಪ, ನಂಗಿದೆಲ್ಲ ಅರ್ಥ ಆಗಕಿಲ್ಲ, ಆಗ್ಲೂ ಬೇಕಾಗಿಲ್ಲ. ಸೋದರಮಾವ ಅಂದ್ರೆ ಇವತ್ತು ತೊಡೆ ಕೊಟ್ಟು ನಾಳೆ ಎದ್ದೋಗೋದಲ್ಲ. ಇವ್ಳು ದೊಡ್ಡೋಳಾದಾಗ ಬರ್ಬೇಕು, ಮದ್ವೇಲಿ ನಿಂತ್ಕೋಬೇಕು, ಗಂಡನ ಮನೇಲಿ ಜಗಳ ಆದ್ರೆ ಬಂದು ಕೇಳ್ಬೇಕು. ಕಳಸ ಹಿಡ್ದಿದ್ದೋನು ಇವತ್ತು ಮಾವ ಅಂತ ಬಂದಿದೀಯ. ನಾಳೆ ಮನಸು ಬದಲಾಯ್ತು ಅಂತ ಇನ್ನೇನೋ ಆಗಿ ಬಂದ್ರೆ ಮಗೀಗೆ ನಾನೇನ್ ಹೇಳ್ಲಿ?”

ಕಟುವಾದ ಪ್ರಶ್ನೆಯೇ. ಆದರೆ ಇಷ್ಟು ವರ್ಷಗಳಲ್ಲಿ ನನ್ನನ್ನು ಉತ್ತರ ಕೇಳುವುದಕ್ಕಾಗಿ ಪ್ರಶ್ನೆ ಕೇಳಿದವರು ಅವರೊಬ್ಬರೇ ಎನಿಸಿತು. ಉಳಿದವರು ಕೇಳುತ್ತಿದ್ದುದು ತಮಾಷೆ ನೋಡಲಿಕ್ಕೆ.

“ಬದಲಾಗಿದ್ದು ಮನಸಲ್ಲಮ್ಮ,” ಎಂದೆ. “ಕಳಸ ಹಿಡ್ದಾಗ್ಲೂ ನಾನು ನಿಮ್ ಸೊಸೆಗೆ ಅಣ್ಣನೇ. ಹೇಳೋಕ್ ಧೈರ್ಯ ಇರ್ಲಿಲ್ಲ. ಕರೆದಾಗೆಲ್ಲ ಬರ್ತೀನಿ.”

ಅವರು ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ತಂಗಿಗೆ ಕೊಟ್ಟರು. ಆಮೇಲೆ ಆಚಾರ್ರ ಕಡೆ ತಿರುಗಿ, “ಹೊತ್ತಾಯ್ತು, ಶುರು ಮಾಡಿ. ಮಗೀನ ಇವ್ನ ತೊಡೆ ಮೇಲೆ ಕೂರ್ಸಿ. ಆ ಹೆಬ್ಬೂರೋನೂ ಪಕ್ಕದಲ್ಲೇ ಇರ್ಲಿ, ಕೈ ಹಿಡ್ಕಳಕೆ ಜನ ಬೇಕು,” ಎಂದರು. ಅವ್ವ ಎದ್ದು ಅಡುಗೆಮನೆಗೆ ಹೋದಳು.

ಮಗು ತೊಡೆಯ ಮೇಲೆ ಬಂದು ಕೂತು ನನ್ನ ಅಂಗಿಯ ಗುಂಡಿ ಎಳೆಯಿತು. ಒಂದು ಕಿವಿಗೆ ತಂತಿ ಹೋದದ್ದೇ ತಡ, ಮನೆಯ ಹೆಂಚು ಹಾರುವಂತೆ ಕಿರುಚಿ, ನನ್ನ ಹೊಸ ಪಂಚೆಯ ಮೇಲೆ ಉಚ್ಚೆ ಹೊಯ್ದುಬಿಟ್ಟಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ಕಿವಿಗೆ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದಾಗ ಅದರ ಬಿಸಿಯುಸಿರು ಅಂಗಿಯೊಳಗೆ ಇಳಿಯಿತು. ಆ ಹೊತ್ತು ನನಗೆ ಸಂತೋಷವಾಯಿತು. ಬೇರೆ ಮಾತಿಲ್ಲ, ಸಂತೋಷವೇ. ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಲ್ಲಿ ಅವ್ವ ಇರಲಿಲ್ಲ.

ಊಟ ಮುಗಿಸಿ ನಾನೂ ಅವ್ವನೂ ಒಂದೇ ಬಸ್ಸಿನಲ್ಲಿ ತುಮಕೂರಿಗೆ ಬಂದೆವು. ಚಿಕ್ಕಪ್ಪನ ಮಗನಿಗೆ ಗುಬ್ಬಿಯಲ್ಲೇ ಏನೋ ಕೆಲಸವಿತ್ತು. ದಾರಿಯುದ್ದಕ್ಕೂ ಅವ್ವ ಕಿಟಕಿಯಾಚೆ ನೋಡುತ್ತ ಕೂತಳು. ನನಗೆ ಕೇಳಬೇಕಿತ್ತು: ಅವನನ್ನೇಕೆ ಕರೆತಂದೆ, ನನ್ನ ಮುಖಕ್ಕೆ ಹೊಡೆದ ಹಾಗೆ ಏಕೆ ಮಾಡಿದೆ. ಕೇಳಿದರೆ ಅವಳು ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು. ಅಷ್ಟು ಶಕ್ತಿ ಇರಲಿಲ್ಲ.

ತುಮಕೂರಿನ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹತ್ತಿಸಿ, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟೆ. ಅವಳು ಬಾಟಲಿ ತೆಗೆದುಕೊಂಡರೂ ನನ್ನ ಕೈ ಬಿಡಲಿಲ್ಲ.

“ನಾನ್ ಹೋದಾಗ ಮೊದಲ್ನೇ ಹಿಡಿ ಮಣ್ಣು ನೀನೇ ಹಾಕು,” ಎಂದಳು. “ಅವನ್ನ ಕರೀಬ್ಯಾಡ.”

ನಮ್ಮಲ್ಲಿ ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕುವುದು ಗಂಡುಮಗ. ಅಪ್ಪ ತೀರಿಕೊಂಡಾಗ ಅದನ್ನು ಚಿಕ್ಕಪ್ಪನ ಮಗ ಹಾಕಿದ್ದ. ನಾನು ಹೆಂಗಸರ ಜೊತೆ ದೂರದಲ್ಲಿ ನಿಂತಿದ್ದೆ.

“ಆಯ್ತು ಕಣವ್ವ,” ಎಂದೆ. ಕಂಡಕ್ಟರ್ ವಿಸಿಲ್ ಊದಿದ, ಬಸ್ಸು ಹೊರಟಿತು. ಇಷ್ಟು ವರ್ಷ ಅವಳ ಬಾಯಿಂದ ಬರಲಿ ಎಂದು ಕಾದಿದ್ದು ಬಂದಿತ್ತು. ಅವಳಿಗೆ ನಾನು ಮಗನಾಗುವ ಆ ದಿನ ಎಂದಿಗೂ ಬಾರದಿರಲಿ ಎಂದು ಬೇಡಿಕೊಳ್ಳುತ್ತ ಸ್ಟ್ಯಾಂಡಿನ ಜನರ ನಡುವೆ ನಿಂತು ಅತ್ತುಬಿಟ್ಟೆ.