ಕ್ಲಿಪ್ ಹಾಕಿದ ಪುಟಗಳು

ಆರ್.ಟಿ. ನಗರದ ನಮ್ಮ ಮನೆಯ ಮಹಡಿಯಲ್ಲಿ ಟೀಚರೊಬ್ಬರು ಹೊರರಾಜ್ಯದವರಿಗೆ ಕನ್ನಡ ಕಲಿಸುತ್ತಿದ್ದರು. ಪಾಠಕ್ಕೆ ಸುಲಭ ಕನ್ನಡದ ಸಚಿತ್ರ ಪತ್ತೇದಾರಿ ಕಥೆಗಳು. ಮುಂದಿನ ಪುಟಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ, ಚಿತ್ರ ತೋರಿಸಿ, "ಆಮೇಲೆ?" ಎನ್ನುತ್ತಿದ್ದರು. ಯಾರಾದರೂ ಕನ್ನಡದಲ್ಲಿ ಹೇಳುವವರೆಗೂ ಕ್ಲಿಪ್ ತೆಗೆಯುತ್ತಿರಲಿಲ್ಲ. ನಾನೂ ಹಿಂದೆ ಕೂತು ಕೇಳುತ್ತಿದ್ದೆ.

ಒಂದು ಸಂಜೆಯ ಚಿತ್ರದಲ್ಲಿ, ಬಾಗಿಲ ಹಿಂದೆ ಗಂಡಸೊಬ್ಬ ಕೋಲು ಹಿಡಿದು ನಿಂತಿದ್ದ.

"ಆಮೇಲೆ?"

ಅದುವರೆಗೆ ಕ್ಲಾಸಿನಲ್ಲಿ ಬಾಯಿಬಿಡದಿದ್ದ ಹೆಂಗಸೊಬ್ಬಳು ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದಳು: "ಅವಳು ಒಳಗೆ ಬರ್ತಾಳೆ. ಅವನು ಬಾಗಿಲು ಹಾಕ್ತಾನೆ. ಟಿವಿ ಜೋರು ಮಾಡ್ತಾನೆ."

ಚಿತ್ರದಲ್ಲಿ ಟಿವಿ ಇರಲಿಲ್ಲ.

ಟೀಚರ್ ಮತ್ತೆ "ಆಮೇಲೆ?" ಎನ್ನಲಿಲ್ಲ. ಪುಸ್ತಕ ಮುಚ್ಚಿಟ್ಟು ಚಪ್ಪಲಿ ಮೆಟ್ಟಿದರು.

"ನಡೀರಿ," ಎಂದರು ಅವಳಿಗೆ. "ಇವತ್ತು ನಿಮ್ಮನೇಗೆ ನಾನೂ ಬರ್ತೀನಿ."