ತಾಡಪತ್ರಿ ಬಿಚ್ಚುವ ಮೊದಲು

ಭಾಲ್ಕಿಯ ಬೇಳೆ ಮಿಲ್ಲಿನ ಕಚೇರಿಯಲ್ಲಿ ಕೆಲಸಕ್ಕಿದ್ದ ಶಶಿಕಲಾಗೆ ಫೋನ್ ಎಂದರೆ ಅಂಜಿಕೆ. ಬೀದರಿನ ಕಾಲೇಜಿನಲ್ಲಿ ಬಿಸಿನೆಸ್ ಇಂಗ್ಲಿಷ್‌ಗೆ ತರಗತಿಗೇ ಹೆಚ್ಚು ಅಂಕ ಪಡೆದವಳು. ಪತ್ರ ಬರೆ ಎಂದರೆ ತಪ್ಪಿಲ್ಲದೆ ಬರೆಯುತ್ತಿದ್ದಳು. ಆದರೆ ಅಲ್ಲಿದ್ದಷ್ಟು ವರ್ಷ ಯಾರೂ ಅವಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿರಲಿಲ್ಲ.

ಅಂದು ಬೆಳಿಗ್ಗೆ ಮಿಲ್ಲಿನ ಲೆಕ್ಕ ಬರೆಯುವ, ಔರಾದ ಕಡೆಯ ಮುನೀಮ ಹಾವಗೆಪ್ಪ ಗೋದಾಮಿನಿಂದ ಓಡಿ ಬಂದರು.

"ಹುಳದ ಗುಳಿಗಿ ತೆಗೀದೇ ಲಾರಿ ಬಿಟ್ಟಾರವ್ವ! ಮೊನ್ನಿ ಚೆನ್ನೈಗಿ ಹೋದ ಲಾರಿ."

ಹುಳ ಸಾಯಲೆಂದು ಚೀಲಗಳ ನಡುವೆ ಇಡುವ ಆ ಗುಳಿಗೆಗಳಿಂದ ವಿಷಗಾಳಿ ಏಳುತ್ತದೆ. ದಾರಿಯುದ್ದಕ್ಕೂ ಅದು ಲಾರಿಗೆ ಹೊದಿಸಿದ ತಾಡಪತ್ರಿಯ ಕೆಳಗೆ ಕೂಡಿಕೊಂಡಿತ್ತು. ಬಿಚ್ಚಿದ ಹಮಾಲರು ಆ ಗಾಳಿಯನ್ನು ಉಸಿರಿಗೆ ಎಳೆದುಕೊಂಡರೆ ಜೀವ ಉಳಿಯುವುದು ಕಷ್ಟ. ಡ್ರೈವರ್ ಹುಸೇನನ ಫೋನ್ ಹತ್ತುತ್ತಿರಲಿಲ್ಲ. ಚೆನ್ನೈ ವ್ಯಾಪಾರಿಗೆ ತಮಿಳು ಬಿಟ್ಟರೆ ಇಂಗ್ಲಿಷ್ ಮಾತ್ರ ಗೊತ್ತು.

"ನೀನೇ ಮಾತಾಡವ್ವ. ನನಗ ಮರಾಠಿ, ಹಿಂದಿ ಬಿಟ್ರ ಏನ್ ಬರ್ತದ?"

ಮೊದಲ ಸಲ ನಂಬರ್ ತಪ್ಪಿತು. ಮತ್ತೆ ಒತ್ತಿದಳು. ವ್ಯಾಪಾರಿಯ ದನಿ ಕೇಳಿದ್ದೇ ತಡ, ಓದಿದ ಪಾಠ ಬಾಯಿಗೆ ಬಂತು: ಕೆಟ್ಟ ಸುದ್ದಿ ಸೌಜನ್ಯದ ಮಾತಿನ ನಂತರ. ಅವಳ ಊರು ಸಾಯಗಾಂವದಲ್ಲೂ ಹಾಗೇ. ಸಾವಿನ ಸುದ್ದಿ ತಂದವರೂ ಮೊದಲು 'ಆರಾಮ ಇದ್ದೀರೇನ್ರಿ' ಎಂದು ಕೇಳಿ, ನೀರು ಕುಡಿದೇ ಬಾಯಿ ಬಿಡುತ್ತಾರೆ. ಕ್ಷೇಮ ವಿಚಾರಿಸಿದಳು. ವ್ಯವಹಾರಕ್ಕೆ ಧನ್ಯವಾದ ಹೇಳಿದಳು. 'ನಿಮ್ಮ ಆರ್ಡರಿನ ವಿಷಯವಾಗಿ' ಎನ್ನುವಷ್ಟರಲ್ಲಿ, ಲಾರಿ ಬಂದಿದೆ, ಇಳಿಸುತ್ತಿದ್ದೇವೆ, ಆಮೇಲೆ ಮಾಡಿ ಎಂದು ಆತ ಫೋನ್ ಇಟ್ಟ.

"ಏನಂದ?"

"ಇಳಸ್ಲತ್ತಾರಂತ್ರಿ."

"ಯವ್ವಾ, ಬೀಗರ ಮನಿಗಿ ಬಂದಂಗ ಮಾತಾಡಬ್ಯಾಡ! ಹಮಾಲರು ಸಾಯ್ತಾರ!"

ಮತ್ತೆ ಫೋನ್ ಹಚ್ಚಿದಳು. ರಿಂಗಾಗುತ್ತಲೇ ಇತ್ತು. ಎತ್ತಿದ ಕೂಡಲೇ ಕಿರುಚಿದಳು: "ಡೋಂಟ್ ಓಪನ್! ಪಾಯಿಸನ್ ಗ್ಯಾಸ್!"

ಆ ಕಡೆ ದೂರದಲ್ಲಿ ತಮಿಳಿನ ಕೂಗು, ಓಡುವ ಸದ್ದು. ರಿಸೀವರ್ ಕಿವಿಗೆ ಒತ್ತಿಕೊಂಡು ನಿಂತಳು. ಹಾವಗೆಪ್ಪ ಹತ್ತಿರ ಬಂದು ತಾವೂ ಕಿವಿಗೊಟ್ಟರು. ಕೊನೆಗೆ ವ್ಯಾಪಾರಿ ಏದುಸಿರಿನಲ್ಲಿ ಹೇಳಿದ: ಹಗ್ಗ ಬಿಚ್ಚಿದ್ದರು, ತಾಡಪತ್ರಿ ಇನ್ನೂ ಎಳೆದಿರಲಿಲ್ಲ. ಎಲ್ಲರನ್ನೂ ದೂರ ಕಳಿಸಿದ್ದೇನೆ.

ಕೆಲವು ವಾರಗಳ ನಂತರ, ಅವಳಿಗೆ ಕಲಿಸಿದ್ದ ರಾಧಿಕಾ ಮೇಡಂ ಬೀದರಿನಿಂದ ಮಿಲ್ಲಿಗೆ ಬಂದರು. ಪಾಠ ಬದಲಿಸುತ್ತಿದ್ದೇವೆ, ಕೆಲಸದಲ್ಲಿ ಎಂಥ ಇಂಗ್ಲಿಷ್ ಬೇಕು ಎಂದು ಕೇಳಿದರು. ಅಷ್ಟರಲ್ಲಿ ಮೇಜಿನ ಫೋನ್ ಹೊಡೆದುಕೊಂಡಿತು. ಶಶಿಕಲಾಗೆ ಈಗಲೂ ಅದೇ ಅಂಜಿಕೆ.

"ಪರೀಕ್ಷಾದಾಗ ಪತ್ರದ ಬದಲಿ ಫೋನ್ ಕೊಡ್ರಿ ಮೇಡಂ. ಹುಡುಗ್ರು ಒಂದು ಮಾತು ಹೇಳಿದ್ ಕೂಡ್ಲೇ ನೀವು ಫೋನ್ ಇಟ್ಟುಬಿಡ್ರಿ. ಆ ಅಂಜಿಕಿ ಕಾಲೇಜಿನಾಗೇ ಬರ್ಲಿ."

ಹೇಳಿ, ರಿಸೀವರ್ ಎತ್ತಿದಳು.