ನಿಂತ ಬಸ್ಸು ಹಿಂದೆ ಹೋದದ್ದು

ಪುತ್ತೂರಿನಿಂದ ಕಡಬದ ಮೂಲಕ ಸುಬ್ರಹ್ಮಣ್ಯಕ್ಕೆ ಹೋಗುವ ಖಾಸಗಿ ಬಸ್ಸೊಂದನ್ನು ತ್ಯಾಂಪಣ್ಣ ಹನ್ನೊಂದು ವರ್ಷ ಓಡಿಸಿದ್ದ. ಅಷ್ಟು ವರ್ಷಗಳಲ್ಲಿ ಒಂದು ಕೋಳಿಯೂ ಅವನ ಚಕ್ರದಡಿಗೆ ಬಿದ್ದಿರಲಿಲ್ಲ. ಮಾತು ಕಡಿಮೆಯ ಮನುಷ್ಯ. ತಿರುವಿನಲ್ಲಿ ಹಾರ್ನ್ ಕೂಡ ಎಷ್ಟು ಬೇಕೋ ಅಷ್ಟೇ ಒತ್ತುತ್ತಿದ್ದ. ಬಸ್ಸಿನ ಮಾಲಕರು ಮೊಯ್ದಿನಬ್ಬ ಹಾಜಿಯವರು ಹೊಸ ಡ್ರೈವರನ್ನು ಸೇರಿಸಿಕೊಂಡಾಗಲೆಲ್ಲ, "ಎರಡು ದಿವಸ ತ್ಯಾಂಪಣ್ಣನ ಹತ್ತಿರ ಕೂತು ನೋಡು, ಮತ್ತೆ ಸ್ಟೇರಿಂಗ್ ಮುಟ್ಟು" ಎಂದು ಹೇಳುವುದಿತ್ತು.

ಎಪ್ಪತ್ತೇಳನೇ ಇಸವಿಯ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಆ ಹೆಸರು ಹೋಯಿತು.

ಹೊರಡಲು ಐದು ನಿಮಿಷ ಇತ್ತು. ಪುತ್ತೂರಿನ ಬಸ್ ನಿಲ್ದಾಣದಲ್ಲಿ ಅವನ ಬಸ್ಸು ನಿಲ್ಲುವ ಜಾಗ ಹಿಂದಕ್ಕೆ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಸಡಿಲವಾಗಿದ್ದರಿಂದ ತ್ಯಾಂಪಣ್ಣ ಅದನ್ನು ಎಳೆದು, ಸಾಲದ್ದಕ್ಕೆ ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು, ಎದುರಿನ ಅಂಗಡಿಗೆ ಚಾ ಕುಡಿಯಲು ಹೋದ. ಬ್ಯಾಟರಿ ಬಲ ಇಲ್ಲದ್ದರಿಂದ ಇಂಜಿನ್ ಆರಿಸಲಿಲ್ಲ. ಬಲಬದಿಗೆ, ಒಂದು ಮೊಳದಷ್ಟೂ ಎಡೆ ಇಲ್ಲದ ಹಾಗೆ, ದೇವದಾಸನ ಸುಳ್ಯದ ಬಸ್ಸು ನಿಂತಿತ್ತು.

ಚಾದ ಗ್ಲಾಸು ತುಟಿಗಿಡುವಷ್ಟರಲ್ಲಿ ಬಸ್ಸಿನೊಳಗಿನಿಂದ ಬೊಬ್ಬೆ ಎದ್ದಿತು. "ಬಸ್ಸು ಹಿಂದೆ ಹೋಗ್ತಾ ಉಂಟು! ಡ್ರೈವರ್ ಇಲ್ಲ!" ಅವನು ತಿರುಗಿ ನೋಡುವಾಗ ಒಬ್ಬ ಹೆಂಗಸು ಬಾಗಿಲಿನಿಂದ ಹಾರಿ, ಮೆಟ್ಟಿಲು ತಪ್ಪಿ, ಚರಂಡಿಯ ಕಲ್ಲಿನ ಮೇಲೆ ಬಿದ್ದಾಗಿತ್ತು. ಕಡಬದ ದಾರಿಯ ಪೆರಾಬೆಯ ಹತ್ತಿರ ರಬ್ಬರ್ ತೋಟ ಮಾಡಿಕೊಂಡಿದ್ದ ಅಗ್ನಸ್. ಕೇರಳದಿಂದ ಬಂದು ನೆಲೆಸಿದ ಮನೆಯವಳು. ಬಲಗಾಲು ಪಾದದ ಗಂಟಿನ ಹತ್ತಿರ ಬೇರೆಯೇ ದಿಕ್ಕಿಗೆ ತಿರುಗಿತ್ತು.

ತ್ಯಾಂಪಣ್ಣ ಹಿಂದುಮುಂದು ಯೋಚಿಸಲಿಲ್ಲ. ಕಂಡಕ್ಟರೂ ಅವನೂ ಸೇರಿ ಅವಳನ್ನು ಎತ್ತಿ ಸೀಟಿನಲ್ಲಿ ಮಲಗಿಸಿದರು. ಚಕ್ರದಡಿಯ ಕಲ್ಲನ್ನು ಅವನು ಕಾಲಿನಿಂದಲೇ ಒದ್ದು ಬದಿಗೆ ಹಾಕಿ, ಬಸ್ಸನ್ನು ನೇರ ಆಸ್ಪತ್ರೆಗೆ ಬಿಟ್ಟ. ತಾನು ಒದ್ದದ್ದು ತನ್ನ ಒಂದೇ ಒಂದು ಸಾಕ್ಷಿಯನ್ನು ಎಂದು ಅವನಿಗೆ ಹೊಳೆದದ್ದು ಸಂಜೆ, ಹಾಜಿಯವರ ಮುಂದೆ ನಿಂತಾಗ.

"ಕಲ್ಲು ಇಟ್ಟಿದ್ದೆ ಹಾಜಿಯವರೇ. ಬಸ್ಸು ಒಂದು ಇಂಚು ಅಲ್ಲಾಡ್ಲಿಲ್ಲ."

"ಕಲ್ಲು ನೋಡಿದವರು ಯಾರುಂಟು?"

"ನಾನೇ ಒದ್ದದ್ದು."

"ಅಲ್ಲ ಮಾರಾಯ, ಏಳು ಜನ ಹೇಳ್ತಾರೆ ಬಸ್ಸು ಹಿಂದೆ ಹೋಯ್ತು ಅಂತ. ಆ ಹೆಂಗಸಿಗೆ ಎಂತ ಮರ್ಲಾ ಹುಚ್ಚಾ, ಸುಮ್ಮನೆ ಹಾರ್ಲಿಕ್ಕೆ? ಏಳು ಜನ ಸುಳ್ಳು, ನೀನೊಬ್ಬ ಸತ್ಯವಾ?"

ಬಸ್ಸಿನಲ್ಲಿ ಎಂಟನೆಯವರೂ ಒಬ್ಬರಿದ್ದರು. ಎಡಬದಿಯ ಸೀಟಿನಲ್ಲಿದ್ದ ಶೀನಪ್ಪ ಎಂಬ ಮುದುಕರು. ಬಸ್ಸು ಅಲ್ಲಾಡಲೇ ಇಲ್ಲ ಎಂದು ಅವರು ಹೇಳಿದ್ದರು. ಆದರೆ ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಸರಿ ಇಲ್ಲದವರ ಮಾತಿಗೆ ಎಂತ ಬೆಲೆ ಎಂದು ಎಲ್ಲರೂ ನಕ್ಕುಬಿಟ್ಟರು.

ಹಾಜಿಯವರು ಕೆಟ್ಟವರಲ್ಲ. ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಸ್ಟೇರಿಂಗ್‌ನಿಂದ ಮಾತ್ರ ಇಳಿಸಿದರು. ಮರುವಾರದಿಂದ ತ್ಯಾಂಪಣ್ಣ ಅದೇ ನಿಲ್ದಾಣದಲ್ಲಿ ನಿಂತು, "ಕಡಬ, ಕಡಬ, ಸುಬ್ರಹ್ಮಣ್ಯ!" ಎಂದು ಜನ ಕರೆಯುವ ಏಜೆಂಟನಾದ. ಹಾರ್ನನ್ನೇ ಅಳೆದು ಒತ್ತುತ್ತಿದ್ದವನಿಗೆ ದಿನವಿಡೀ ಕೂಗುವ ಕೆಲಸ. ಅದಕ್ಕಿಂತ ಹೆಚ್ಚು ಕಷ್ಟವಾದದ್ದು ಬೇರೆ. ಮೊದಮೊದಲು ಅವನಿಗೆ ಆ ಏಳು ಜನರ ಮೇಲೆ, ಅದರಲ್ಲೂ ಅಗ್ನಸ್ ಮೇಲೆ, ಹೊಟ್ಟೆ ಉರಿಯುವಷ್ಟು ಸಿಟ್ಟಿತ್ತು. ಎರಡು ಮೂರು ತಿಂಗಳು ಹೋಗುವಾಗ ಸಿಟ್ಟು ಇಳಿದು ಆ ಜಾಗಕ್ಕೆ ಅನುಮಾನ ಬಂತು. ಅಷ್ಟು ಜನ ಯಾಕೆ ಸುಳ್ಳು ಹೇಳಬೇಕು? ಕಲ್ಲು ಇಟ್ಟದ್ದು ಆ ದಿನವೋ, ಹಿಂದಿನ ದಿನವೋ? ಒದ್ದಾಗ ಹೆಬ್ಬೆರಳು ನೋವಾದದ್ದು ನೆನಪಿತ್ತು. ಆದರೆ ಆ ನೆನಪನ್ನು ತಾನೇ ಕಟ್ಟಿಕೊಂಡಿರಬಹುದೇ? ಊಟಕ್ಕೆ ಕೂತವನು ಒಮ್ಮೊಮ್ಮೆ ಕೈ ನಿಲ್ಲಿಸಿ ಬಲಗಾಲಿನ ಬೆರಳನ್ನು ನೋಡುತ್ತಿದ್ದ. ಹೆಂಡತಿ ಅಕ್ಕು, "ಎಂತ ಆಯ್ತು?" ಎಂದರೆ, "ಎಂತ ಇಲ್ಲ" ಎನ್ನುತ್ತಿದ್ದ.

ಅಕ್ಟೋಬರಿನಲ್ಲಿ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅವನು ರಜೆ ಮಾಡಿ ಸುಳ್ಯಕ್ಕೆ ಹೊರಟ. ಡ್ರೈವರನಾದ ಮೇಲೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದದ್ದು ಬೆರಳೆಣಿಕೆಯಷ್ಟೇ ಸಲ. ಪುತ್ತೂರಿನ ನಿಲ್ದಾಣದಲ್ಲಿ ಸುಳ್ಯದ ಬಸ್ಸು ಹತ್ತಿ ಬಲಬದಿಯ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಇನ್ನೊಂದು ಬಸ್ಸು, ಕಿಟಕಿ ತುಂಬ ಅದರದ್ದೇ ನೀಲಿ ತಗಡು. ಕೆಳಗೆ ಇಂಜಿನ್ ಗಡಗಡ ಎನ್ನುತ್ತಿತ್ತು. ಅವನು ಬೀಡಿ ಹುಡುಕಲು ಕಿಸೆಗೆ ಕೈ ಹಾಕಿದ್ದನಷ್ಟೆ, ಬಸ್ಸು ಮೆಲ್ಲನೆ ಹಿಂದಕ್ಕೆ ಜಾರಿತು.

ಅವನ ಬಲಗಾಲು ತನ್ನಷ್ಟಕ್ಕೆ ಮುಂದೆ ಚಾಚಿ ನೆಲವನ್ನು ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ, ಯಾರದ್ದೋ ಬಾಳೆಗೊನೆ ಇತ್ತು.

ನೀಲಿ ತಗಡು ಮುಂದೆ ಸರಿದು ಮುಗಿಯಿತು. ಅದರ ಹಿಂದಿನಿಂದ ದೀಪದ ಕಂಬ ಕಾಣಿಸಿತು. ಕಂಬ ಇದ್ದಲ್ಲೇ ಇತ್ತು, ಕೂತಿದ್ದ ಬಸ್ಸೂ ಇದ್ದಲ್ಲೇ ಇತ್ತು. ಹೋದದ್ದು ಪಕ್ಕದ ಬಸ್ಸು, ಅದೂ ಮುಂದಕ್ಕೆ.

ಫೆಬ್ರವರಿಯ ಆ ಬೆಳಿಗ್ಗೆ ಬೊಬ್ಬೆ ಎದ್ದ ಹೊತ್ತಿಗೇ ಬಲಬದಿಯ ದೇವದಾಸನ ಬಸ್ಸೂ ಹೊರಟಿತ್ತೆಂದು ತ್ಯಾಂಪಣ್ಣನಿಗೆ ನೆನಪಾಯಿತು. ಅವನು ಸುಳ್ಯದ ಬಸ್ಸಿನಿಂದ ಇಳಿದು, ಪಕ್ಕದಲ್ಲಿ ಬಸ್ಸು ನಿಂತಿದ್ದ ಇನ್ನೊಂದು ಬಸ್ಸಿಗೆ ಹತ್ತಿ ಬಲಬದಿಗೇ ಕೂತ. ಮತ್ತೆ ಹಾಗೆಯೇ ಆಯಿತು. ಮೂರನೆಯದಕ್ಕೆ ಹತ್ತಿದ. ಈ ಸಲ ಗೊತ್ತಿದ್ದೂ, ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದೂ, ಬಸ್ಸು ಹಿಂದಕ್ಕೆ ಸರಿದೇಬಿಟ್ಟಿತು. ತೊಟ್ಟಿಲಿನ ಊಟಕ್ಕೆ ಅವನು ಮುಟ್ಟುವಾಗ ಎಲ್ಲರದ್ದೂ ಊಟವಾಗಿತ್ತು. ತಂಗಿ ಬೈದಳು. ಅವನು ನಗುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ಅವನು ಕೃಷ್ಣಮೋಹನ ಮಾಸ್ಟ್ರನ್ನು ಹಿಡಿದ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಲು ದಿನಾ ಕಡಬದ ಬಸ್ಸಿಗೆ ಬರುತ್ತಿದ್ದವರು. ಎಲ್ಲವನ್ನೂ ಕೇಳಿಸಿಕೊಂಡು ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು.

"ತ್ಯಾಂಪಣ್ಣ, ಮೋಡ ಓಡುವಾಗ ಚಂದ್ರನೇ ಓಡಿದ ಹಾಗೆ ಕಾಣುದಿಲ್ವಾ?"

"ಕಾಣ್ತದೆ."

"ಅದೇ ಇದು. ಕಣ್ಣಿಗೆ ಗೊತ್ತಾಗುದು ಇಷ್ಟೇ, ಎರಡು ವಸ್ತುಗಳ ನಡುವಿನ ಜಾಗ ಬದಲಾಯ್ತು ಅಂತ. ಸರಿದದ್ದು ಇದಾ ಅದಾ ಅಂತ ಕಣ್ಣು ಹೇಳುದಿಲ್ಲ. ಅದನ್ನು ತೀರ್ಮಾನ ಮಾಡುದು ಮಿದುಳು. ಕಿಟಕಿ ತುಂಬ ಒಂದೇ ವಸ್ತು ಇದ್ದರೆ ಅದನ್ನೇ ಊರು, ಗುಡ್ಡೆ, ನೆಲ ಅಂತ ಲೆಕ್ಕ ಹಿಡಿತದೆ. ನೆಲ ಹೋಗುದು ಉಂಟಾ? ಹಾಗಾದರೆ ಹೋದದ್ದು ನಾನೇ ಅಂತ."

"ಮೈಗೆ ಗೊತ್ತಾಗಬೇಕಲ್ವಾ ಮಾಸ್ಟ್ರೆ? ನಾನು ಡ್ರೈವರ್."

"ಕಿವಿಯ ಒಳಗೆ ಅದಕ್ಕೊಂದು ವ್ಯವಸ್ಥೆ ಉಂಟು. ಆದರೆ ಅದಕ್ಕೆ ತಿಳಿಯುದು ಹೊರಡುದು, ನಿಲ್ಲುದು, ವೇಗ ಹೆಚ್ಚುಕಡಿಮೆ ಆಗುದು ಮಾತ್ರ. ಮೆಲ್ಲನೆ ಜಾರಿದ್ರೆ ಅದೂ ಸುಮ್ಮನೆ. ಮೇಲಿಂದ ನಿಮ್ಮ ಇಂಜಿನ್ ಬೇರೆ ಅಲ್ಲಾಡಿಸ್ತಾ ಉಂಟು. ಮತ್ತೆ ಕಣ್ಣು ಹೇಳಿದ್ದೇ ಸತ್ಯ."

ತ್ಯಾಂಪಣ್ಣ ಕೇಳಿದ. "ಎಡಬದಿಯಲ್ಲಿ ಕೂತವರಿಗೆ?"

"ಅವರಿಗೆ ಅಂಗಡಿ, ಕಂಬ, ನೆಲ ಎಲ್ಲ ಕಾಣ್ತದಲ್ಲ. ಅವರಿಗೆ ಹಾಗೆ ಆಗುದಿಲ್ಲ."

ಎಡಬದಿಯಲ್ಲಿ ಕೂತಿದ್ದ ಶೀನಪ್ಪಜ್ಜನ ಪೊರೆ ಬಂದ ಕಣ್ಣು ತ್ಯಾಂಪಣ್ಣನಿಗೆ ನೆನಪಾಯಿತು.

ಹಾಜಿಯವರ ಹತ್ತಿರ ಹೋಗುವ ಮೊದಲು ಅವನು ಪೆರಾಬೆಗೆ ಹೋದ. ಯಾಕೆ ಎಂದು ಅಕ್ಕು ಕೇಳಿದ್ದಕ್ಕೆ, "ತಿಂಗಳುಗಟ್ಟಲೆ ಆ ಹೆಂಗಸನ್ನು ಬೈದಿದ್ದೇನೆ" ಎಂದ. ಅಗ್ನಸ್ ಅಂಗಳದಲ್ಲಿ ರಬ್ಬರ್ ಶೀಟು ಒಣಗಹಾಕುತ್ತಿದ್ದಳು. ಮೂಳೆ ಕೂಡಿದ್ದರೂ ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಅವನನ್ನು ಕಂಡದ್ದೇ ಮುಖ ಬಿಗಿಯಿತು.

"ನಾನು ಸುಳ್ಳು ಹೇಳಿದ್ದು ಅಂತ ನೀವು ಊರಿಡೀ ಹೇಳಿದ್ರಂತೆ."

"ಹೇಳಿದ್ದು ಹೌದು ಅಮ್ಮ. ಅದು ತಪ್ಪು. ನೀವು ಸುಳ್ಳು ಹೇಳಿದ್ದಲ್ಲ." ಅವನು ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದ. "ನಾನೂ ಸುಳ್ಳು ಹೇಳಿದ್ದಲ್ಲ."

"ಎರಡೂ ಹೇಗೆ ಆಗ್ತದೆ?"

ಅವನಿಗೆ ಮಾಸ್ಟ್ರ ಹಾಗೆ ವಿವರಿಸಲು ಬರಲಿಲ್ಲ. ಚಂದ್ರ, ಮೋಡ ಎಂದು ಶುರುಮಾಡಿ ನಡುವಿನಲ್ಲಿ ತಡವರಿಸಿದ. ಅವಳಿಗೆ ನಂಬಿಕೆ ಬರಲಿಲ್ಲ. "ನನ್ನ ಮೈಯೇ ಹಿಂದೆ ಹೋಗಿದೆ. ಮೈಗೆ ಗೊತ್ತಾಗುದಿಲ್ವಾ?" ಎಂದಳು. ತಾನು ಮಾಸ್ಟ್ರನ್ನು ಕೇಳಿದ್ದೂ ಅದನ್ನೇ ಎಂದು ಅವನಿಗೆ ನಗು ಬಂತು. ಅವನು ನಕ್ಕದ್ದನ್ನು ನೋಡಿ ಅವಳು ಯಾಕೋ ಸ್ವಲ್ಪ ಮೆತ್ತಗಾದಳು. ಭಾನುವಾರ ಇಗರ್ಜಿಯ ಪ್ರಾರ್ಥನೆ ಬಿಟ್ಟ ಮೇಲೆ ಗಂಡನ ಜೊತೆ ಜೀಪಿನಲ್ಲಿ ಪುತ್ತೂರಿಗೆ ಬರುವುದಾಗಿ ಒಪ್ಪಿದಳು. ಆ ಬೆಳಗಿನ ನಂತರ ಅವಳು ಬಸ್ಸು ಹತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ನಿಲ್ದಾಣ ಖಾಲಿಯಿತ್ತು. ತ್ಯಾಂಪಣ್ಣ ಬಸ್ಸನ್ನು ಹಳೆಯ ಜಾಗದಲ್ಲೇ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ದೇವದಾಸ ತನ್ನ ಬಸ್ಸನ್ನು ತಂದು ಬಲಬದಿಗೆ ತಾಗಿಸಿ ನಿಲ್ಲಿಸಿದ. ಹಾಜಿಯವರು ಒಂದೊಂದೇ ಕಲ್ಲನ್ನು ಕೊಡೆಯ ತುದಿಯಿಂದ ಕುಟ್ಟಿ ನೋಡಿ, "ಈ ಮಂಗಾಟಕ್ಕೆ ನನ್ನ ಊಟದ ಹೊತ್ತು ಹೋಯ್ತು" ಎನ್ನುತ್ತ ಹತ್ತಿ ಬಲಬದಿಯ ಕಿಟಕಿಗೆ ಕೂತರು. ಅವರ ಹಿಂದಿನ ಸೀಟಿನಲ್ಲಿ ಅಗ್ನಸ್. ಇಂಜಿನ್ ನಡೆಯುತ್ತಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹಾಜಿಯವರು ಅಡಿಕೆ ಧಾರಣೆಯ ಬಗ್ಗೆ ಏನೋ ಹೇಳಲು ಹಿಂದೆ ತಿರುಗಿದ್ದರು. ಆಗ ದೇವದಾಸ ಮೆಲ್ಲನೆ ಹೊರಟ.

"ಹೋಯ್ತು! ಹಿಡಿ, ಹಿಡಿ! ಬ್ರೇಕ್ ಹಿಡಿ ಮಾರಾಯ!" ಹಾಜಿಯವರು ಎದ್ದೇ ನಿಂತರು. ಕೊಡೆ ಎಲ್ಲೋ ಬಿತ್ತು.

ತ್ಯಾಂಪಣ್ಣ ಕೆಳಗೆ, ಗೆರೆಯ ಪಕ್ಕದಲ್ಲಿ ನಿಂತಿದ್ದ. ಹಾಜಿಯವರು ಇಳಿದು ಬಂದು ಗೆರೆ ನೋಡಿದರು, ಚಕ್ರ ನೋಡಿದರು, ಬಗ್ಗಿ ಕಲ್ಲನ್ನು ಮುಟ್ಟಿದರು. ಮತ್ತೆ ಹತ್ತಿ ಕೂತು ದೇವದಾಸನಿಗೆ ಕೈಸನ್ನೆ ಮಾಡಿದರು. ಹೀಗೆ ಮೂರು ಸಲ. ಕೊನೆಗೆ ಇಳಿದವರು ಟೊಪ್ಪಿ ಸರಿಮಾಡಿಕೊಂಡು, "ಗೊತ್ತಿದ್ದೂ ಹೋಯ್ತು" ಎಂದರು. ಆಮೇಲೆ ದನಿ ತಗ್ಗಿಸಿ, "ನಾನು ನಿನ್ನನ್ನು ಬಿಸಿಲಲ್ಲಿ ನಿಲ್ಲಿಸಿದೆ, ತ್ಯಾಂಪಣ್ಣ. ನಾಳೆ ಬೆಳಿಗ್ಗೆ ಬಸ್ಸು ನೀನೇ ತೆಗಿ" ಎಂದರು.

ಅಗ್ನಸ್ ಮೊದಲ ಸಲ "ಈಶೋಯೇ" ಎಂದು ಯೇಸುವನ್ನು ಕೂಗಿ, ಎರಡನೆಯ ಸಲ ಜೋರಾಗಿ ನಕ್ಕಿದ್ದಳು. ಮೂರನೆಯ ಸಲ ನಗಲಿಲ್ಲ. ಎಲ್ಲರೂ ಇಳಿದ ಮೇಲೂ ಕಿಟಕಿಯ ಕಂಬಿ ಹಿಡಿದು ಕೂತೇ ಇದ್ದಳು. ತ್ಯಾಂಪಣ್ಣ ಕರೆಯಲು ಹೋದ.

"ಹಾಗಾದರೆ ನಾನು ಸುಮ್ಮನೆ ಹಾರಿದ್ದಾ?" ಅವಳು ತನ್ನ ಕಾಲನ್ನೇ ನೋಡುತ್ತಿದ್ದಳು. "ಇಷ್ಟು ದಿವಸ ಬಸ್ಸು ಹೋಗಿತ್ತು, ಅದಕ್ಕೆ ಕಾಲು ಹೋಯ್ತು ಅಂತ ಇತ್ತು. ಈಗ ಅದೂ ಇಲ್ಲ."

ಇದು ಅವನಿಗೆ ಹೊಳೆದೇ ಇರಲಿಲ್ಲ. ತನ್ನ ಹೆಸರು ಮರಳಿ ಬಂದದ್ದರಲ್ಲಿ ಅವಳಿಂದ ಏನು ಹೋಯಿತೆಂದು ಅವನು ಎಣಿಸಿರಲಿಲ್ಲ. ಸೀಟಿನ ಹತ್ತಿರ ಬಗ್ಗಿ ಹೇಳಿದ. "ಅಲ್ಲಿ ಕೂತದ್ದು ನಾನಾಗಿದ್ದರೆ ನಾನೂ ಹಾರುತ್ತಿದ್ದೆ ಅಮ್ಮ. ಮೊನ್ನೆ ಬ್ರೇಕ್ ಅಂತ ಬಾಳೆಗೊನೆ ಒತ್ತಿದೆ." ಅವಳು ತಲೆಯೆತ್ತಿ ನೋಡಿ, ಅವನು ಚಾಚಿದ ಕೈ ಹಿಡಿದು ಮೆಟ್ಟಿಲು ಇಳಿದಳು.

ತ್ಯಾಂಪಣ್ಣ ಎಂಬತ್ತೆಂಟನೇ ಇಸವಿಯವರೆಗೆ ಬಸ್ಸು ಓಡಿಸಿದ. ಹಾಜಿಯವರು ಆ ವಾರವೇ ಹ್ಯಾಂಡ್‌ಬ್ರೇಕ್ ಸರಿಮಾಡಿಸಿದ್ದರು. ಪಕ್ಕದ ಬಸ್ಸು ಹೊರಡುವ ಅಂದಾಜು ಆದಾಗಲೆಲ್ಲ ಅವನು ಹಿಂದೆ ತಿರುಗಿ, "ಹೋಗುದು ಅದು, ನಮ್ಮದಲ್ಲ, ಎಡಬದಿಗೆ ನೋಡಿ" ಎಂದು ಹೇಳುತ್ತಿದ್ದ. ಹೊಸಬರು ಇದೆಂತ ಡ್ರೈವರಪ್ಪ ಎಂದು ಮುಖ ಮುಖ ನೋಡುತ್ತಿದ್ದರು. ಶೀನಪ್ಪಜ್ಜ ಬದುಕಿರುವವರೆಗೆ ಅವರಿಗೆ ಮುಂದಿನ ಸೀಟು ಖಾಲಿ ಇಡಿಸುತ್ತಿದ್ದ.

ಎಂಬತ್ತೆರಡರಲ್ಲಿ ಅಗ್ನಸ್‌ಳ ಮಗಳು ಲಿಸ್ಸಿ ಪುತ್ತೂರಿನ ಕಾಲೇಜಿಗೆ ಸೇರಿದಳು. ಮೊದಲ ದಿನ ತಾಯಿ ಮಗಳಿಬ್ಬರೂ ಪೆರಾಬೆಯಲ್ಲಿ ಕೈ ತೋರಿಸಿ ಬಸ್ಸು ನಿಲ್ಲಿಸಿದರು. ಅಗ್ನಸ್ ಕಂಬಿ ಹಿಡಿದು ಮೆಲ್ಲ ಹತ್ತಿ, ಒಳಗೆ ಒಂದು ಸಲ ಕಣ್ಣು ಹಾಯಿಸಿ, ಎಡಬದಿಯ ಕಿಟಕಿಗೆ ಹೋಗಿ ಕೂತಳು. ಮಗಳಿಗೂ ತನ್ನ ಹಿಂದೆ ಎಡಬದಿಯಲ್ಲೇ ಜಾಗ ತೋರಿಸಿದಳು. ತ್ಯಾಂಪಣ್ಣ ಕನ್ನಡಿಯಲ್ಲಿ ಅವರಿಬ್ಬರೂ ಕೂತದ್ದನ್ನು ನೋಡಿಕೊಂಡು, ಆಮೇಲೆ ಗೇರು ಹಾಕಿದ.